ಬಾಯಿ ಕಟ್ಟುತ್ತಿರುವ ಅಳಿವೆಗಳು

ಕಲ್ಲಿಗೆ ಕಟ್ಟಿ ಇಳಿಬಿಟ್ಟ ಹಗ್ಗ ಮುಕ್ಕಾಲು ಮಾರಿಗೇ ಸಡಿಲವಾಯಿತು. ದೋಣಿ ನಡೆಸುವ ತಾಂಡೇಲರು ಅದನ್ನು ಮೇಲೆಳೆದರು. ಕಲ್ಲಿನ ಅಡಿಗೆ ಬಳಿದಿದ್ದ ಗ್ರೀಸಿಗೆ ಅಂಟಿಕೊಂಡು ಬಂದದ್ದನ್ನು ಹೆಬ್ಬೆರಳಿನಿಂದ ತಿಕ್ಕಿ, ಅಂಗೈಯನ್ನು ನನ್ನ ಮುಂದೆ ಹಿಡಿದರು. ಕೆಂಪು ಮಿಶ್ರಿತ ಸಡಿಲ ಮರಳು. "ಮೊದ್ಲು ಇಲ್ಲಿ ಎರಡು ಮಾರು ನೀರಿತ್ತು. ಬಾಯಿ ದಕ್ಷಿಣಕ್ಕೆ ಸರದದೆ" ಎಂದರು. ಗಂಗಾವಳಿ ನದಿ ಸಮುದ್ರ ಸೇರುವ ಅಳಿವೆಯಲ್ಲಿದ್ದೆವು. ಬಲಕ್ಕೆ ಮಂಜುಗುಣಿ, ಎಡಕ್ಕೆ ಗಂಗಾವಳಿ ಊರು, ಎದುರಿಗೆ ಬೆಳ್ಳನೆಯ ನೊರೆಯ ಉದ್ದದ ಗೆರೆ. ಆ ಗೆರೆಯ ಅಡಿಯಲ್ಲೇ ಮರಳಿನ ದಿಬ್ಬ ಇದೆ. ಇಳಿತದ ಹೊತ್ತು. ದೋಣಿಯ ಎಂಜಿನ್ ಬಂದ್ ಮಾಡಿ, ಒಂದು ತೆಂಗಿನ ಮರವನ್ನೂ ಅದರ ಹಿಂದಿನ ಗುಡ್ಡದ ಬೋಳು ನೆತ್ತಿಯನ್ನೂ ಒಂದೇ ಸಾಲಿಗೆ ತಂದುಕೊಂಡು ಅವರು ದಾರಿ ನೋಡುತ್ತಿದ್ದರು. ಹೋದ ವರ್ಷ ಆ ಸಾಲು ಹಿಡಿದೇ ಹೊರಗೆ ಹೋಗುತ್ತಿದ್ದರಂತೆ. ಈಗ ಅದನ್ನು ಹಿಡಿದು ಹೋದರೆ ದೋಣಿ ದಿಬ್ಬಕ್ಕೆ ಕೂರುತ್ತದೆ.

ನಾನು ಕುಂದಗೋಳ ತಾಲ್ಲೂಕಿನ ಯರಗುಪ್ಪಿಯವನು. ಯರಿಭೂಮಿಯವನಿಗೆ ಸಮುದ್ರದ ಉಸಾಬರಿ ಏಕೆ ಎಂದು ಊರಿನಲ್ಲಿ ಕೇಳುವವರಿದ್ದಾರೆ. ನಮ್ಮ ಹೊಲದ ಮೇಲೆ ಬಿದ್ದ ಮಳೆ ಬೆಣ್ಣೆಹಳ್ಳಕ್ಕೆ ಇಳಿದು, ಮಲಪ್ರಭೆ ಸೇರಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಆದರೆ ಅದೇ ಮೋಡ ಸ್ವಲ್ಪ ಪಶ್ಚಿಮಕ್ಕೆ, ಕಲಘಟಗಿ ಸೀಮೆಯಲ್ಲಿ ಸುರಿದರೆ ಆ ನೀರು ಅರಬ್ಬಿ ಸಮುದ್ರದ ಪಾಲು. ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆ, ಹುಬ್ಬಳ್ಳಿ ಕಡೆಯ ಹಳ್ಳವನ್ನು ಕೂಡಿಕೊಂಡು ಬೇಡ್ತಿಯಾಗಿ, ಮಾಗೋಡಿನಲ್ಲಿ ಸುಮಾರು 200 ಮೀಟರ್ ಧುಮುಕಿ, ಘಟ್ಟದ ಬುಡದಲ್ಲಿ ಗಂಗಾವಳಿ ಎಂದು ಕರೆಸಿಕೊಂಡು ಈ ಅಳಿವೆಗೆ ಬರುತ್ತದೆ. ತಾಂಡೇಲರ ಅಂಗೈಯಲ್ಲಿದ್ದ ಮರಳಿನಲ್ಲಿ ಧಾರವಾಡ ಜಿಲ್ಲೆಯ ಮಣ್ಣಿನ ಪಾಲೂ ಇದ್ದಿರಬಹುದು. ಅದಕ್ಕೇ ಇದು ನಮ್ಮ ಉಸಾಬರಿಯೂ ಹೌದು.

ನಾನು ಹೇಳಬೇಕಾದದ್ದು ಇಷ್ಟು. ಕರ್ನಾಟಕದ ಕರಾವಳಿಯಲ್ಲಿ ಬಿರುಗಾಳಿಗೆ ಸಿಕ್ಕ ದೋಣಿ ಓಡಿಬಂದು ಲಂಗರು ಹಾಕಬಹುದಾದ ಜಾಗಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಹೆಚ್ಚಿನವು ನದಿಗಳ ಅಳಿವೆಗಳು. ಬಿರುಗಾಳಿ ಹೆಚ್ಚುತ್ತಿರುವ ಈ ಕಾಲದಲ್ಲಿಯೇ ಅಳಿವೆಗಳ ಬಾಯಿ ಕಟ್ಟಿಕೊಳ್ಳುತ್ತಿದೆ. ಇವೆರಡೂ ಒಂದೇ ದಿನ ಎದುರಾದರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು, ಹಾಕಲೇಬೇಕು.

ಮೊದಲು ಗಾಳಿಯ ಲೆಕ್ಕ. ಅರಬ್ಬಿ ಸಮುದ್ರ ಬಂಗಾಳ ಕೊಲ್ಲಿಗಿಂತ ಶಾಂತ ಎಂದು ನಾವೆಲ್ಲ ಶಾಲೆಯಲ್ಲಿ ಓದಿದವರು. ಅದು ಆಗ ನಿಜವಿತ್ತು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 1982ರಿಂದ 2019ರವರೆಗಿನ ದಾಖಲೆಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ಚಿತ್ರ ಕೊಡುತ್ತದೆ. 2001ರ ನಂತರ ಅರಬ್ಬಿ ಸಮುದ್ರದ ಚಂಡಮಾರುತಗಳ ಸಂಖ್ಯೆ ಶೇ. 52ರಷ್ಟು ಹೆಚ್ಚಿದೆ. ಅತಿ ತೀವ್ರ ಚಂಡಮಾರುತಗಳು ಶೇ. 150ರಷ್ಟು ಹೆಚ್ಚಿವೆ. ಎಲ್ಲ ಚಂಡಮಾರುತಗಳೂ ಸೇರಿ ಸಮುದ್ರದ ಮೇಲೆ ಬೀಸುವ ಒಟ್ಟು ಅವಧಿ ಶೇ. 80ರಷ್ಟು ಬೆಳೆದಿದೆ. ಅದೇ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ಸಂಖ್ಯೆ ತುಸು ಇಳಿದಿದೆ. ಕಾರಣ ನೀರಿನ ಬಿಸಿ. ಕೆಲವೇ ದಶಕಗಳಲ್ಲಿ ಅರಬ್ಬಿ ಸಮುದ್ರದ ಮೇಲ್ಮೈ ಒಂದು ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾದಿದೆ, ಚಂಡಮಾರುತಕ್ಕೆ ಆ ಬಿಸಿಯೇ ಮೇವು. 2019ರಲ್ಲಿ ಒಂದೇ ವರ್ಷ ಈ ಕಡಲಿನಲ್ಲಿ ಐದು ಚಂಡಮಾರುತ ಎದ್ದವು. ಆ ಅಕ್ಟೋಬರಿನ 'ಕ್ಯಾರ್' ಸೂಪರ್ ಸೈಕ್ಲೋನ್ ಆಯಿತು. ಅಂಥದ್ದು ಅರಬ್ಬಿ ಸಮುದ್ರದಲ್ಲಿ 2007ರ 'ಗೋನು' ನಂತರ ಕಂಡಿರಲಿಲ್ಲ.

ಇದಕ್ಕೆ ಮೀನುಗಾರಿಕೆಯ ಪಂಚಾಂಗವನ್ನು ಹೊಂದಿಸಿ ನೋಡಿ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಿಷೇಧ. ಮಳೆಗಾಲದ ಕಡಲಿನಿಂದ ದೋಣಿಗಳನ್ನು ಇದು ಕಾಯುತ್ತದೆ. ಚಂಡಮಾರುತಗಳು ಹೆಚ್ಚಾಗಿ ಏಳುವುದು ಮಾತ್ರ ಮಳೆಗಾಲದ ನಡುವೆ ಅಲ್ಲ. ಅದಕ್ಕೆ ಮುಂಚಿನ ಏಪ್ರಿಲ್, ಮೇಯಲ್ಲಿ, ಅದು ಮುಗಿದ ಮೇಲೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಆ ಎರಡೂ ಹೊತ್ತಿನಲ್ಲಿ ಬೋಟುಗಳೆಲ್ಲ ಕಡಲಲ್ಲೇ ಇರುತ್ತವೆ. ಆಳಕಡಲಿನ ಟ್ರಾಲ್ ಬೋಟು ಹೊರಟರೆ ಮರಳುವುದು ವಾರ, ಹತ್ತು ದಿನಕ್ಕೆ. ಕ್ಯಾರ್ ಎದ್ದಾಗ ಗೋವಾ, ತಮಿಳುನಾಡು, ಕೇರಳ, ಮಲ್ಪೆಯ ಬೋಟುಗಳು ನೂರುಗಟ್ಟಲೆ ಕಾರವಾರಕ್ಕೆ ಓಡಿಬಂದು ಲಂಗರು ಹಾಕಿ ಬದುಕಿಕೊಂಡವು. ಕಾರವಾರಕ್ಕೆ ಗುಡ್ಡದ ಆಸರೆ ಇದೆ, ಮುಂದೆ ಕೂರ್ಮಗಡ, ದೇವಗಡಗಳಂಥ ದ್ವೀಪಗಳ ಕಾವಲಿದೆ. ಅಲ್ಲೇ ಬಳಿಯ ಅಂಜುದೀವದ ಮರೆಯಲ್ಲಿ 1498ರಲ್ಲಿ ವಾಸ್ಕೋ ಡ ಗಾಮನೂ ಹಡಗು ನಿಲ್ಲಿಸಿ ರಿಪೇರಿ ಮಾಡಿಸಿಕೊಂಡಿದ್ದ. ಎಲ್ಲ ಕಡೆಯೂ ಇಂಥ ಭಾಗ್ಯ ಇಲ್ಲ. ತದಡಿ, ಹೊನ್ನಾವರ, ಗಂಗೊಳ್ಳಿ, ಹಂಗಾರಕಟ್ಟೆ, ಹಳೆ ಮಂಗಳೂರು ಬಂದರು, ಇಲ್ಲೆಲ್ಲ ಒಳಗೆ ನೆಮ್ಮದಿಯ ನೀರು ಇದೆ, ಆದರೆ ಒಳಗೆ ಬರಲು ಅಳಿವೆ ದಾಟಬೇಕು.

ದಾಟುವುದು ಎಂದರೆ ಏನು? ಅಲೆಗೆ ಒಂದು ಸರಳ ನಿಯಮವಿದೆ. ಅಲೆಯ ಎತ್ತರದ ಸುಮಾರು 1.3 ಪಟ್ಟು ಆಳ ಸಿಕ್ಕಲ್ಲಿ ಅದು ಮುರಿದು ಬೀಳುತ್ತದೆ. ಎರಡು ಮೀಟರ್ ಅಲೆ ಎರಡೂವರೆ ಮೀಟರಿಗೂ ತುಸು ಹೆಚ್ಚು ನೀರಿನಲ್ಲಿ ಮುರಿಯುತ್ತದೆ. ಮುರಿಯದ ಅಲೆ ದೋಣಿಯನ್ನು ಎತ್ತಿ ಇಳಿಸುತ್ತದೆ, ಅಷ್ಟೆ. ಮುರಿಯುವ ಅಲೆ ದೋಣಿಯ ಹಿಂಭಾಗವನ್ನು ಎತ್ತಿ ಅಡ್ಡ ತಿರುಗಿಸಿ ಮಗುಚುತ್ತದೆ. ಈಗ ಒಂದು ಅಳಿವೆಯ ದಿಬ್ಬದ ಮೇಲೆ ಇಳಿತದಲ್ಲಿ ಎರಡು ಮೀಟರ್ ನೀರಿದೆ ಎಂದುಕೊಳ್ಳಿ. ನಮ್ಮ ಕರಾವಳಿಯಲ್ಲಿ ಭರತ ಸುಮಾರು ಒಂದೂವರೆ ಮೀಟರ್ ಏರಿಸುತ್ತದೆ. ಅಂದರೆ ಭರತದಲ್ಲಿ ಮೂರೂವರೆ ಮೀಟರ್. ಎರಡೂವರೆ ಮೀಟರ್ ಅಲೆ ಕೂಡ ಮುರಿಯದೆ ದಾಟಿಹೋಗುತ್ತದೆ, ದೋಣಿಯೂ ದಾಟುತ್ತದೆ. ಅದೇ ದಿಬ್ಬ ಅರ್ಧ ಮೀಟರ್ ಬೆಳೆದರೆ ಭರತದಲ್ಲೂ ಮೂರೇ ಮೀಟರ್. ಆಗ ಎರಡೂವರೆ ಮೀಟರ್ ಅಲೆ ದಿಬ್ಬದ ಮೇಲೇ ಒಡೆಯುತ್ತದೆ. ಅರ್ಧ ಮೀಟರ್ ಎಂದರೆ ನನ್ನ ಮೊಣಕಾಲಿನ ಎತ್ತರ. ಅಷ್ಟು ಮರಳಿನಿಂದ ಅಳಿವೆಯ ಬಾಗಿಲು ಮುಚ್ಚುತ್ತದೆ. ಒಳಗಿನಿಂದ ನೆರೆಯ ನೀರು ರಭಸವಾಗಿ ಹೊರಬರುತ್ತಿದ್ದರಂತೂ ಎದುರಿನ ಅಲೆ ಇನ್ನಷ್ಟು ಕಡಿದಾಗುತ್ತದೆ.

ಇನ್ನು ಹೊತ್ತಿನ ಲೆಕ್ಕ. ದಡದಿಂದ 60 ನಾಟಿಕಲ್ ಮೈಲು, ಅಂದರೆ ಸುಮಾರು 110 ಕಿ.ಮೀ. ದೂರದಲ್ಲಿರುವ ಬೋಟು ಗಂಟೆಗೆ 8 ನಾಟಿಕಲ್ ಮೈಲು ಓಡಿದರೂ ಏಳೂವರೆ ತಾಸು ಬೇಕು. ಗಾಳಿಯ ಎದುರು ಅಷ್ಟು ವೇಗ ಬರುವುದಿಲ್ಲ. ತಲುಪಿದಾಗ ಇಳಿತವಿದ್ದರೆ? ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡೂವರೆ ತಾಸು, ಇಳಿತದಿಂದ ಭರತಕ್ಕೆ ಅದರ ಅರ್ಧ. ಅಷ್ಟು ಹೊತ್ತು ಮುರಿಯುವ ಅಲೆಗಳ ಸಾಲಿನ ಹೊರಗೆ, ಕತ್ತಲಲ್ಲಿ, ನೂರಾರು ಬೋಟುಗಳು ಒಂದಕ್ಕೊಂದು ತಾಗದಂತೆ ಕಾಯಬೇಕು. ಬಿರುಗಾಳಿಯ ಸುದ್ದಿ ಸಾಮಾನ್ಯವಾಗಿ ಎರಡು ಮೂರು ದಿನ ಮೊದಲೇ ಸಿಗುತ್ತದೆ, ಆದರೆ ಯಾವಾಗಲೂ ಅಲ್ಲ. 2017ರ ನವೆಂಬರ್ ಕೊನೆಯಲ್ಲಿ ಕನ್ಯಾಕುಮಾರಿಯ ಬಳಿ 'ಒಖಿ' ಕೆಲವೇ ತಾಸುಗಳಲ್ಲಿ ಚಂಡಮಾರುತವಾಗಿ ಬೆಳೆದಾಗ ಕಡಲಿನಲ್ಲಿದ್ದ ನೂರಾರು ಮೀನುಗಾರರು ಮರಳಲೇ ಇಲ್ಲ. ಸಮುದ್ರ ಕಾದಷ್ಟೂ ಇಂಥ ದಿಢೀರ್ ಬೆಳವಣಿಗೆ ಹೆಚ್ಚುತ್ತದೆ. 2021ರ ಮೇ ತಿಂಗಳ 'ತೌಕ್ತೆ'ಯಲ್ಲಿ ಮೂಲ್ಕಿಯ ಆಚೆ ಬಂಡೆಗೆ ಸಿಕ್ಕಿಕೊಂಡ 'ಕೋರಮಂಡಲ್ ಸಪೋರ್ಟರ್' ಟಗ್ಗಿನ ಒಂಬತ್ತು ಮಂದಿಯನ್ನು ಹೆಲಿಕಾಪ್ಟರ್ ಮತ್ತು ಕರಾವಳಿ ಕಾವಲು ಪಡೆಯ ದೋಣಿಗಳಿಂದ ಎತ್ತಿ ತರಬೇಕಾಯಿತು. ಆ ದಡದಿಂದ ಮಂಗಳೂರು ಬಂದರು ದೂರವೇನಿಲ್ಲ. ಬಿರುಗಾಳಿ ಇಲ್ಲದ ದಿನವೂ ಅಳಿವೆ ಜೀವ ತೆಗೆದುಕೊಳ್ಳುತ್ತದೆ. ಹೊನ್ನಾವರದಲ್ಲಿ ಶರಾವತಿ ಬಾಯಿಯ ದಿಬ್ಬಕ್ಕೆ ಬಡಿದು ಮುಳುಗಿದ ಬೋಟುಗಳ ಕತೆ ಅಲ್ಲಿನ ಪ್ರತಿ ಕೇರಿಯಲ್ಲೂ ಇದೆ. 2025ರ ಜುಲೈನಲ್ಲಿ ಗಂಗೊಳ್ಳಿಯ ಅಳಿವೆಯ ಬಳಿ ನಾಡದೋಣಿ ಮಗುಚಿ ಮೂವರು ಕಾಣೆಯಾದರು.

ದಿಬ್ಬ ಏಕೆ ಬೆಳೆಯುತ್ತದೆ? ಎಲ್ಲ ಅಳಿವೆಗೂ ದಿಬ್ಬ ಇದ್ದೇ ಇರುತ್ತದೆ, ಅದು ಪ್ರಕೃತಿಯ ಸಂಗತಿ. ಮಳೆಗಾಲದಲ್ಲಿ ನದಿ ಮಣ್ಣು, ಮರಳು ತರುತ್ತದೆ, ಅಲೆ ಅದನ್ನು ಹಿಂದಕ್ಕೆ ತಳ್ಳುತ್ತದೆ, ಎರಡೂ ಎದುರಾದಲ್ಲಿ ರಾಶಿ ಬೀಳುತ್ತದೆ. ಅಳಿವೆಯ ಬಾಯಿಯನ್ನು ತೆರೆದಿಡುವವರು ಯಾರು ಎಂಬ ಪ್ರಶ್ನೆಗೆ ಹೆಚ್ಚಿನವರು ನದಿ ಎನ್ನುತ್ತಾರೆ. ಮಳೆಗಾಲದ ನಾಲ್ಕು ತಿಂಗಳು ಅದು ಸರಿ. ಉಳಿದ ಎಂಟು ತಿಂಗಳು ಆ ಕೆಲಸ ಮಾಡುವುದು ಭರತ ಇಳಿತ. ಕ್ಯಾಲಿಫೋರ್ನಿಯಾದ ಎಂಜಿನಿಯರ್ ಮರೋ ಓ'ಬ್ರಯನ್ 1931ರಲ್ಲೇ ಇದನ್ನು ಅಳೆದು ತೋರಿಸಿದ್ದ. ಒಂದು ಭರತದಲ್ಲಿ ಅಳಿವೆಯೊಳಗೆ ಎಷ್ಟು ನೀರು ಹೋಗಿ ಬರುತ್ತದೆಯೋ, ಬಾಯಿಯ ಅಗಲ ಆಳ ಅದಕ್ಕೆ ತಕ್ಕಂತೆ ಇರುತ್ತದೆ. ಒಳಗೆ ನೀರು ಹರಡಿಕೊಳ್ಳಲು ಜಾಗ ಇದ್ದಷ್ಟೂ ಹೆಚ್ಚು ನೀರು ಬಂದು ಹೋಗುತ್ತದೆ, ದಿನಕ್ಕೆ ಎರಡು ಸಲ ಬಾಯಿಯನ್ನು ಗುಡಿಸುತ್ತದೆ. ಒಳಗಿನ ಜಾಗ ಕಮ್ಮಿಯಾದರೆ ಗುಡಿಸುವ ಕೈ ಸೋಲುತ್ತದೆ.

ಈ ಮಾತು ನನ್ನ ಮಟ್ಟಿಗೆ ಇಡೀ ಸಂಗತಿಯ ಕೀಲಿ. ಬಂದರಿನಿಂದ ಎಷ್ಟೋ ದೂರದಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹಿಂದೆ, ಯಾರದೋ ಕೆಸರು ಗದ್ದೆಗೆ ಒಡ್ಡು ಹಾಕಿ ಮಣ್ಣು ತುಂಬಿದರೆ ಅದರ ಪರಿಣಾಮ ಅಳಿವೆಯ ಬಾಯಿಯಲ್ಲಿ ಕಾಣುತ್ತದೆ. ಕುಮಟಾ ತಾಲ್ಲೂಕಿನ ಅಘನಾಶಿನಿಯಲ್ಲಿ ಗಜನಿ ಎಂದು ಕರೆಯುವ ಉಪ್ಪುನೀರಿನ ಗದ್ದೆಗಳಿವೆ. ಮಳೆಗಾಲದಲ್ಲಿ ಕಗ್ಗ ಭತ್ತ, ಉಳಿದ ಕಾಲ ಒಡ್ಡಿನ ಗಂಡಿ ತೆರೆದು ಭರತದ ನೀರು ಬಿಟ್ಟು ಮೀನು, ಸಿಗಡಿ. ನೀರು ಬರುತ್ತಿತ್ತು, ಹೋಗುತ್ತಿತ್ತು. 1990ರ ದಶಕದಲ್ಲಿ ಸಿಗಡಿ ಕೃಷಿಯ ಹಣದ ಭರಾಟೆಯಲ್ಲಿ ಕೊಳಗಳ ಒಡ್ಡುಗಳು ಎದ್ದವು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕರಾವಳಿಯ ನಿಯಂತ್ರಿತ ವಲಯದಲ್ಲಿ ಅಂಥ ಕೊಳಗಳನ್ನು ನಿಲ್ಲಿಸಲು ಹೇಳಿತು. ಒಡ್ಡಿನ ಮಣ್ಣು ಮಾತ್ರ ತೀರ್ಪು ಓದಿ ಕರಗುವುದಿಲ್ಲ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಎಂಬ ರಾಮ್ಸಾರ್ ಮನ್ನಣೆ ಸಿಕ್ಕಿತು. ಅದೇ ದಿನ ನಮ್ಮ ಕಡೆಯ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಸಿಕ್ಕಿತು. ಎರಡೂ ಕಡೆ ಸಂಭ್ರಮ ಪಟ್ಟಿದ್ದು ಹಕ್ಕಿಗಳ ಹೆಸರಿನಲ್ಲಿ. ಹಕ್ಕಿ ಕೂರುವ ಆ ಕೆಸರು ಬಯಲೇ ಅಘನಾಶಿನಿ ಅಳಿವೆಯ ತದಡಿ ಬಂದರಿನ ಬೋಟುಗಳ ದಾರಿಯನ್ನೂ ತೆರೆದಿಡುತ್ತಿದೆ ಎಂದು ಯಾರಾದರೂ ಮೀನುಗಾರರ ಸಭೆಯಲ್ಲಿ ಹೇಳಬೇಕಿತ್ತು.

ಇನ್ನು ಮೇಲಿನಿಂದ ಬರುವ ಮಣ್ಣು. 2021ರ ಜುಲೈ ಮಳೆಗೆ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದಲ್ಲಿ ಗಂಗಾವಳಿಯ ಸೇತುವೆ ಕೊಚ್ಚಿಹೋಯಿತು, ಅರಬೈಲು ಘಟ್ಟ ಕುಸಿಯಿತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದಲ್ಲಿ ಕಡಿದಿದ್ದ ಗುಡ್ಡ ಜಾರಿ, ರಸ್ತೆಯನ್ನೂ ಅದರ ಮೇಲಿದ್ದವರನ್ನೂ ಹೊತ್ತು ನದಿಗೆ ಬಿತ್ತು. ಎದ್ದ ನೀರು ಎದುರು ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ನದಿಯ ನಡುವೆ ಹೊಸ ಗುಡ್ಡೆ ಎದ್ದಿತು. ನೀರಿನ ಸೆಳೆತಕ್ಕೆ ಮುಳುಗುಗಾರರು ಇಳಿಯಲಾಗದೆ, ಕೊನೆಗೆ ಗೋವಾದಿಂದ ಹೂಳೆತ್ತುವ ಹಡಗು ತರಿಸಿ, ಲಾರಿಯೊಂದನ್ನು ಚಾಲಕನ ದೇಹದ ಸಮೇತ ಮೇಲೆತ್ತಿದ್ದು ಸೆಪ್ಟೆಂಬರ್ 25ಕ್ಕೆ. ಒಂದು ಲಾರಿಯನ್ನು ಹುಡುಕಲು 71 ದಿನ. ಆ ಗುಡ್ಡದ ಮಣ್ಣನ್ನು ನದಿ ಪ್ರತಿ ಮಳೆಗಾಲದಲ್ಲೂ ಸ್ವಲ್ಪ ಸ್ವಲ್ಪವಾಗಿ ಕೆಳಕ್ಕೆ ಒಯ್ಯುತ್ತದೆ, ಅದರ ಕೊನೆಯ ನಿಲ್ದಾಣ ಮಂಜುಗುಣಿಯ ಬಾಯಿ. ಅದೇ ವರ್ಷ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಹಳೆಯ ಕಾಳಿ ಸೇತುವೆ ಕುಸಿದು, ಅದರ ತುಂಡುಗಳು ದೋಣಿ ಓಡಾಡುವ ನೀರಿಗೇ ಬಿದ್ದವು.

ಬಯಲುಸೀಮೆಯ ನಮಗೆ ಹೂಳಿನ ಕಾಟ ಹೊಸದಲ್ಲ. ಬೆಣ್ಣೆಹಳ್ಳದ ಹೊಟ್ಟೆಯಲ್ಲಿ ಹೂಳು ತುಂಬಿ, ಬಳ್ಳಾರಿ ಜಾಲಿ ಬೆಳೆದು, ನೀರಿನ ದಾರಿ ಕಟ್ಟಿಕೊಂಡಿದ್ದನ್ನು ವರ್ಷಗಟ್ಟಲೆ ನೋಡುತ್ತಾ ಬಂದೆವು. 2019ರ ಆಗಸ್ಟಿನಲ್ಲಿ ದೊಡ್ಡ ಮಳೆ ಬಂತು, ಹಳ್ಳ ತನ್ನ ಪಾತ್ರ ಬಿಟ್ಟು ಹೊಲಕ್ಕೆ ನುಗ್ಗಿತು. ಹೂಳು ಒಂದು ದಿನದಲ್ಲಿ ಬಂದದ್ದಾಗಿರಲಿಲ್ಲ. ಹಾನಿ ಮಾತ್ರ ಒಂದೇ ರಾತ್ರಿಯಲ್ಲಿ ಬಂತು.

ಸಮುದ್ರ ಮಟ್ಟ ಏರುತ್ತಿದೆಯಲ್ಲ, ಅಳಿವೆ ತಾನಾಗಿ ಆಳವಾಗುವುದಿಲ್ಲವೇ ಎಂದು ಒಬ್ಬರು ನನ್ನನ್ನು ಕೇಳಿದರು. ಪ್ರಶ್ನೆ ಸಹಜ. ಜಾಗತಿಕ ಸರಾಸರಿ ಏರಿಕೆ ಈಗ ವರ್ಷಕ್ಕೆ 4 ಮಿಲಿಮೀಟರ್ ಆಸುಪಾಸು. ಒಂದು ಜೋರು ಮಳೆಗಾಲ ದಿಬ್ಬಕ್ಕೆ ಒಂದು ಗೇಣು ಮರಳು ಪೇರಿಸಿದರೆ ಅದನ್ನು ಸರಿದೂಗಿಸಲು ಸಮುದ್ರಕ್ಕೆ ಐವತ್ತು ವರ್ಷ ಬೇಕು. ನೀರು ಏರಿದಂತೆ ಅಲೆ ದಿಬ್ಬವನ್ನೂ ಮೇಲಕ್ಕೆ ಕಟ್ಟುತ್ತದೆ. ಉಪ್ಪುನೀರು ನುಗ್ಗುವ ಭಯಕ್ಕೆ ಜನ ಒಳಗೆ ಇನ್ನಷ್ಟು ಒಡ್ಡು ಹಾಕುತ್ತಾರೆ, ಹಾಕಲೇಬೇಕಾಗುತ್ತದೆ. ಅಲ್ಲಿಗೆ ಗುಡಿಸುವ ನೀರು ಇನ್ನಷ್ಟು ಕಮ್ಮಿ.

ಹೂಳು ಬಂದರನ್ನೇ ಮುಚ್ಚಿಸುವುದು ಆಗದ ಮಾತು ಎನ್ನುವವರು ಮಿರ್ಜಾನ ಕೋಟೆಗೆ ಹೋಗಿ ಬರಬೇಕು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿ ಮೆಣಸು ಹೊತ್ತ ದೋಣಿಗಳು ಅಲ್ಲಿಂದ ಹೊರಡುತ್ತಿದ್ದವು. ಕುಂದಾಪುರದ ಬಸರೂರು ನದಿಯೊಳಗಿನ ಬಂದರು, 1665ರಲ್ಲಿ ಶಿವಾಜಿ ಸಮುದ್ರ ಮಾರ್ಗವಾಗಿ ಬಂದು ಲೂಟಿ ಮಾಡುವಷ್ಟು ಶ್ರೀಮಂತವಾಗಿತ್ತು. ಬಾರಕೂರು ಸೀತಾ ನದಿಯ ದಡದ ರಾಜಧಾನಿಯಾಗಿತ್ತು. ಮೂರೂ ಕಡೆ ಈಗ ಹಡಗು ಬರುವುದಿಲ್ಲ. ಯುದ್ಧ, ವ್ಯಾಪಾರದ ಪಲ್ಲಟ ಎಲ್ಲ ಸೇರಿ ಆದದ್ದು ಅದು, ಹೂಳೊಂದನ್ನೇ ದೂರಲಾಗದು. ಆದರೆ ನೀರಿನ ದಾರಿ ಆಳವಾಗಿ ಉಳಿದಿದ್ದರೆ ಊರು ಅಷ್ಟು ಸುಲಭವಾಗಿ ಬಂದರುತನ ಬಿಟ್ಟುಕೊಡುತ್ತಿರಲಿಲ್ಲ.

ಈ ನೀರಿನ ಅಪಾಯ ಮೀನುಗಾರರಿಗಷ್ಟೇ ಅಲ್ಲ. ನಮ್ಮ ಕಡೆಯ ಜನ ದೋಣಿ ಹತ್ತುವುದು ರಜೆಯಲ್ಲಿ, ಜಾತ್ರೆಯಲ್ಲಿ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಕಾರವಾರದ ಬಳಿ ಮಗುಚಿ 16 ಮಂದಿ ಸತ್ತರು. ಹಾವೇರಿ ಕಡೆಯವರೂ ಅವರಲ್ಲಿದ್ದರು. ಅದು ಹಾಡಹಗಲು, ಬಿರುಗಾಳಿಯೂ ಇಲ್ಲ. ಮಿತಿಮೀರಿ ಜನ ತುಂಬಿದ್ದ ದೋಣಿಗೆ ಅಲೆ ಬಡಿಯಿತು. 2016ರ ರಾಷ್ಟ್ರೀಯ ಜಲಮಾರ್ಗಗಳ ಕಾಯ್ದೆ ದೇಶದ 111 ಜಲಮಾರ್ಗಗಳನ್ನು ರಾಷ್ಟ್ರೀಯ ಎಂದು ಘೋಷಿಸಿತು. ಕಾಳಿ, ಶರಾವತಿ, ಪಂಚಗಂಗಾವಳಿ, ಉದ್ಯಾವರ, ಗುರುಪುರ, ನೇತ್ರಾವತಿ ಅದರಲ್ಲಿವೆ. ಹಿನ್ನೀರಿನಲ್ಲಿ ಪ್ರವಾಸಿ ದೋಣಿಗಳು ಹೆಚ್ಚುತ್ತಿವೆ. ಹೆಚ್ಚಲಿ. ಕಾಂಡ್ಲಾ ಕಾಡಿನ ನಡುವೆ ಒಂದು ಸಂಜೆ ತೇಲಿದವನು ಅದನ್ನು ಜೀವಮಾನವಿಡೀ ಮರೆಯುವುದಿಲ್ಲ. ಆದರೆ ದಿಬ್ಬ ಪ್ರತಿ ವರ್ಷ ಜಾಗ ಬದಲಿಸುವ ನೀರಿನಲ್ಲಿ, ಈ ವರ್ಷದ ಆಳ ಎಷ್ಟು ಎಂಬ ನಕ್ಷೆ ಚಾಲಕನ ಕೈಯಲ್ಲಿ ಇರಬೇಕು. ಈಗ ಅದು ಇರುವುದು ತಾಂಡೇಲರ ತಲೆಯಲ್ಲಿ ಮಾತ್ರ.

ಅಳಿವೆಯ ಬಾಯಿಗೆ ಎರಡು ಕಡೆ ಕಲ್ಲಿನ ತಡೆಗೋಡೆ ಕಟ್ಟಿದರೆ ಮುಗಿಯಿತು ಎಂಬ ನಂಬಿಕೆ ಬಲವಾಗಿದೆ. ಕೆಲವು ಕಡೆ ಅದರಿಂದ ಉಪಯೋಗವಾಗಿದೆ, ಇಲ್ಲವೆನ್ನಲಾರೆ. ಆದರೆ ದಡದುದ್ದಕ್ಕೆ ನಡೆಯುವ ಮರಳಿಗೆ ಗೋಡೆ ಅಡ್ಡ ನಿಂತರೆ ಒಂದು ಮಗ್ಗುಲು ರಾಶಿ, ಇನ್ನೊಂದು ಮಗ್ಗುಲು ಕಡಲ್ಕೊರೆತ. ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದ ಉಪಗ್ರಹ ಚಿತ್ರಗಳ ಅಧ್ಯಯನದ ಪ್ರಕಾರ 1990ರಿಂದ ಈಚೆಗೆ ದೇಶದ ಕರಾವಳಿಯ ಸುಮಾರು ಮೂರನೇ ಒಂದು ಭಾಗ ಕೊರೆತಕ್ಕೆ ಸಿಕ್ಕಿದೆ. ಕರ್ನಾಟಕದಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು. ಅಂಕೋಲೆಯ ಕೇಣಿಯಲ್ಲಿ, ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಹೊಸ ಬಂದರುಗಳ ಯೋಜನೆಗಳಿವೆ. ಒಂದೊಂದನ್ನೂ ಬೇರೆ ಬೇರೆ ಕಡತವಾಗಿ ನೋಡಿದರೆ ಒಂದೊಂದೂ ಸಣ್ಣದೆನಿಸುತ್ತದೆ. ಮರಳಿಗೆ ತಾಲ್ಲೂಕಿನ ಗಡಿ ತಿಳಿಯದು. ಕಾರವಾರದಿಂದ ಭಟ್ಕಳದವರೆಗೆ ಒಂದೇ ಲೆಕ್ಕ ಮಾಡಿ ನೋಡದೆ ಇನ್ನೊಂದು ಗೋಡೆ ಏಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ದೊಡ್ಡ ಹಣ ಬೇಡದ ಕೆಲಸಗಳೂ ಇವೆ. ಪ್ರತಿ ಸೆಪ್ಟೆಂಬರಿನಲ್ಲಿ, ಮಳೆ ಇಳಿದ ಕೂಡಲೇ, ಪ್ರತಿ ಅಳಿವೆಯ ಆಳ ಅಳೆದು ಕನ್ನಡದಲ್ಲಿ ಬಂದರಿನ ಗೋಡೆಗೆ ಅಂಟಿಸಬಹುದು. ಸರಿದ ಕಾಲುವೆಗೆ ತಕ್ಕಂತೆ ದಾರಿದೀಪದ ಕಂಬಗಳನ್ನು ಅದೇ ತಿಂಗಳು ಸರಿಸಬಹುದು. ಚಂಡಮಾರುತದ ಮುನ್ನೆಚ್ಚರಿಕೆಯ ಜೊತೆಗೆ 'ಈ ಭರತಕ್ಕೆ ಯಾವ ಅಳಿವೆ ತೆರೆದಿದೆ, ಯಾವುದು ಇಲ್ಲ' ಎಂದು ಹೇಳಬಹುದು. ಬಿರುಗಾಳಿಯ ವೇಗ ತಿಳಿದಷ್ಟೇ ಇದೂ ಮುಖ್ಯ. ಕಾಂಡ್ಲಾ ಬಯಲು, ಗಜನಿಗಳನ್ನು ಖಾಲಿ ಜಾಗ ಎಂದು ಕಂದಾಯದ ಪುಸ್ತಕದಲ್ಲಿ ಬರೆಯುವುದನ್ನು ನಿಲ್ಲಿಸಬಹುದು. ಹೂಳೆತ್ತುವುದು ಅನಿವಾರ್ಯವಾದಲ್ಲಿ ಎತ್ತಲೇಬೇಕು, ಆದರೆ ಮೇಲೆ ಗುಡ್ಡ ಕಡಿಯುತ್ತಾ ಕೆಳಗೆ ಹೂಳೆತ್ತಿದರೆ ಮುಂದಿನ ಮಳೆಗೆ ಮತ್ತೆ ಅಷ್ಟೇ ತುಂಬುತ್ತದೆ.

ಅಂದು ಮಂಜುಗುಣಿಯಲ್ಲಿ ಭರತ ಏರುವವರೆಗೆ ಕಾದೆವು. ತಾಂಡೇಲರು ದಿಬ್ಬದ ಒಳಮಗ್ಗುಲಲ್ಲಿ ಲಂಗರು ಬಿಟ್ಟು, ಆಳದ ಐದಾರು ಪಟ್ಟು ಹಗ್ಗ ಸಡಿಲಿಸಿ, ಹಗ್ಗವನ್ನು ಬೆರಳಲ್ಲಿ ಹಿಡಿದು ಕೂತರು. ಲಂಗರು ಜಾರಿದರೆ ಹಗ್ಗ ನಡುಗುತ್ತದಂತೆ. ಎರಡು ಸಲ ನಡುಗಿತು, ಎರಡು ಸಲ ಎತ್ತಿ ಬೇರೆ ಕಡೆ ಬಿಟ್ಟರು. ಮೂರನೆಯ ಸಲ ಕಪ್ಪು ಕೆಸರು ಸಿಕ್ಕಿ ಗಟ್ಟಿಯಾಗಿ ಹಿಡಿಯಿತು. ದಡದಲ್ಲಿ ಅವರು ಹಿಂದಿನ ವರ್ಷ ಕಾಲುವೆಯ ಅಂಚಿಗೆ ನೆಟ್ಟಿದ್ದ ಬಿದಿರಿನ ಗಳ ಕಾಣುತ್ತಿತ್ತು. ಅದರ ಬುಡದಲ್ಲಿ ಒಣ ಮರಳು, ಅದರ ಮೇಲೆ ಏಡಿಗಳು ಓಡಾಡುತ್ತಿದ್ದವು.

ಈಗ ಮಳೆಗಾಲದಲ್ಲಿ ಅವರು ನನಗೆ ಫೋನ್ ಮಾಡುತ್ತಾರೆ. ಕಲಘಟಗಿ ಕಡೆ ಮಳೆ ಹೇಗಿದೆ ಎಂದು ಕೇಳುತ್ತಾರೆ. ಅಲ್ಲಿ ಜೋರಾಗಿ ಬಿದ್ದರೆ ಅಳಿವೆಗೆ ಕೆಂಪು ನೀರು ಬರುತ್ತದೆ, ಅದು ಬರುವ ಮೊದಲೇ ದೋಣಿಯನ್ನು ಮೇಲಿನ ತಿರುವಿಗೆ ಒಯ್ದು ಕಟ್ಟಬೇಕು. ಯರಗುಪ್ಪಿಯ ಮಳೆ ಅವರಿಗೆ ಬೇಕಿಲ್ಲ, ನಮ್ಮ ನೀರು ಆ ಕಡೆ ಹೋಗುವುದಿಲ್ಲ. ಆದರೂ ನಾನು ಮಾಳಿಗೆ ಹತ್ತಿ ಪಶ್ಚಿಮದ ಕಡೆ ಮೋಡ ನೋಡಿ, ಕಲಘಟಗಿಯ ನೆಂಟರಿಗೆ ಫೋನ್ ಮಾಡಿ ವಿಚಾರಿಸಿ, ಅವರಿಗೆ ತಿಳಿಸುತ್ತೇನೆ.